ಎಲೆಯೂ ಇದೇ ಬೆಟ್ಟದ್ದು

ಕತ್ತರಿ ಹಾಕುವ ದಿನ ಬಂದೇಬಿಟ್ಟಿತು. ಕಿಕುನೊ ಎದ್ದವಳೇ, ಮುಖಕ್ಕೆ ನೀರು ಹಾಕಿಕೊಳ್ಳುವುದಕ್ಕೂ ಮೊದಲು ಹಿತ್ತಿಲಿಗೆ ಹೋಗಿ ಜುನಿಪರ್ ಮರದ ಮುಂದೆ ನಿಂತಳು. ಸೊಂಟದೆತ್ತರದ ಬೋನ್ಸಾಯ್ ಅದು. ಬುಡ ತೊಡೆಯಷ್ಟು ದಪ್ಪ. ಕುಂಡದ ಸಮೇತ ಎತ್ತಬೇಕೆಂದರೆ ಗಟ್ಟಿಮುಟ್ಟಾದ ಇಬ್ಬರು ಬೇಕು. ಮರದ ಮುಕ್ಕಾಲು ಭಾಗ ಯಾವ ಕಾಲದಲ್ಲೋ ಸತ್ತು ಬೆಳ್ಳಗೆ ಒಣಗಿತ್ತು. ಆ ಬಿಳಿಯ ಮೇಲೆ ನಾಲ್ಕು ಬೆರಳಗಲದ ಕೆಂಪು ತೊಗಟೆಯ ಪಟ್ಟಿಯೊಂದು ಬುಡದಿಂದ ಸುತ್ತಿಕೊಂಡು ಮೇಲೇರಿತ್ತು. ಮರದ ಜೀವವೆಲ್ಲ ಇದ್ದದ್ದು ಆ ಪಟ್ಟಿಯಲ್ಲೇ.

"ಏನೇ, ನಿದ್ದೆ ಬಂತಾ ನಿಂಗೆ? ನಂಗಂತೂ ಬರ್ಲಿಲ್ಲ" ಎಂದಳು ಮರಕ್ಕೆ. ಐವತ್ತೇಳು ವರ್ಷದ ಹೆಂಗಸು ಮರದ ಜೊತೆ ಮಾತಾಡಿದರೆ ಯಾರ ಗಂಟೇನು ಹೋಗುತ್ತದೆ!

ಈ ಮರವನ್ನು ಇಶಿಜುಚಿ ಬೆಟ್ಟಸಾಲಿನ ಬಂಡೆಯಿಂದ ಇಳಿಸಿ ತಂದವನು ಅವಳಪ್ಪ ಜಿನ್‌ಪಾಚಿ. ಅದೇನು ಒಂದು ದಿನದ ಕೆಲಸವಲ್ಲ. ಮೊದಲ ವರ್ಷ ಬೇರಿನ ಒಂದು ಮಗ್ಗುಲನ್ನಷ್ಟೇ ಕಡಿದು, ಆ ಜಾಗಕ್ಕೆ ಪಾಚಿ ತುರುಕಿ, ಮರವನ್ನು ಬಂಡೆಗೇ ಬಿಟ್ಟು ಬಂದ. ಮರುವರ್ಷ ಇನ್ನೊಂದು ಮಗ್ಗುಲು. ಹೊಸ ಬೇರು ಚಿಗುರಿದ್ದು ಕಂಡ ಮೇಲೆಯೇ ಮೂರನೆಯ ವರ್ಷ ಮರ ಇಳಿಸಿದ್ದು. ಅಪ್ಪ ಬಂಡೆಯ ಅಂಚಿನಿಂದ ಕೆಳಗೆ ಜೋತಾಡುತ್ತಿದ್ದರೆ, ಮೇಲೆ ಪೈನ್ ಮರದ ಬುಡಕ್ಕೆ ಸುತ್ತಿದ ಹಗ್ಗದ ತುದಿ ಹಿಡಿದು ನಿಂತವಳು ಇಪ್ಪತ್ತರ ಕಿಕುನೊ. "ಹಿಡ್ದಿದ್ದೀಯಾ?" ಎಂದು ಕೆಳಗಿನಿಂದ ಕೂಗು ಬರುತ್ತಿತ್ತು. "ಹಿಡ್ದಿದ್ದೀನಿ!" ಎಂದು ಇವಳು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಅಂಗೈ ಸುಲಿದು ರಕ್ತ ಬಂದರೂ ಬಿಟ್ಟವಳಲ್ಲ.

ಅಪ್ಪನಿಗೆ ಒಂದೇ ಆಸೆ: ತನ್ನ ಮರ ಟೋಕಿಯೋದ ದೊಡ್ಡ ಪ್ರದರ್ಶನದಲ್ಲಿ ನಿಲ್ಲಬೇಕು. ಎರಡು ಸಲ ಹೊತ್ತುಕೊಂಡು ಹೋದ. ಎರಡು ಸಲವೂ ಅಲ್ಲಿಯವರು ಮೂಗು ಮುರಿದರು. ಬುಡ ಏನೋ ಚೆಂದ, ಎಲೆ ಮಾತ್ರ ಒರಟು, ಮುಟ್ಟಿದರೆ ಚುಚ್ಚುತ್ತದೆ ಎಂದರು. ಅವರಿಗೆ ಬೇಕಾದದ್ದು ಬಡಗಣ ಕರಾವಳಿಯ ಇತೊಯಿಗಾವಾದ ಜುನಿಪರ್ ಎಲೆ, ನುಣ್ಣಗೆ, ಒತ್ತಾಗಿ, ಬೆಕ್ಕಿನ ಮೈಯಂತೆ ಇರುವುದು. "ಬಂಡೆ ಮೇಲೆ ಗಾಳಿ ತಿಂದು ಬೆಳೆದಿದ್ದು, ಮೆತ್ತಗೆ ಎಲ್ಲಿಂದ ಇರ್ಬೇಕು!" ಎಂದು ಅಪ್ಪ ಹಲ್ಲು ಕಡಿದ. ಆದರೂ ಸಾಯುವವರೆಗೆ ಟೋಕಿಯೋ ಜಪ ಬಿಡಲಿಲ್ಲ.

ಆ ಆಸೆಗೆ ಕಟ್ಟುಬಿದ್ದೇ ಕಿಕುನೊ ಏಳು ವರ್ಷದ ಹಿಂದೆ ತಲೆಯಾಡಿಸಿದ್ದು. ಕುಸಕಾರಿ ಎಂಬ ದೊಡ್ಡ ಬೋನ್ಸಾಯ್ ಗುರು ಬಂದು, "ಕಸಿ ಕಟ್ಟೋಣ. ಈ ಬುಡಕ್ಕೆ ಇತೊಯಿಗಾವಾದ ಎಲೆ ಕೂತ್ರೆ ಟೋಕಿಯೋದೋರು ಕೈ ಮುಗಿದು ಕರೀತಾರೆ" ಎಂದಿದ್ದ. ಅವನ ಮಾತಿಗೆ ಅಲ್ಲಿ ಅಷ್ಟು ತೂಕವಿತ್ತು. ತಮ್ಮ ತಮೊತ್ಸು ಕುಣಿದಾಡಿ ಐದು ಕಸಿ ಕಟ್ಟಿದ. ಕಸಿಗೆ ಬೆಳಕು ಬೇಕೆಂದು ವರ್ಷಕ್ಕಿಷ್ಟು ಹಳೆಯ ಕೊಂಬೆಗಳನ್ನು ಸವರುತ್ತ ಬಂದರು. ಕೊನೆಗೆ ಮರದ ಸ್ವಂತದ್ದು ಅಂತ ಉಳಿದದ್ದು ಎಡಮಗ್ಗುಲಿನ ಒಂದೇ ಕೊಂಬೆ, ಮಣಿಕಟ್ಟಿನಷ್ಟು ದಪ್ಪದ್ದು. ಅದನ್ನೂ ತೆಗೆದರೆ ಕೆಲಸ ಮುಗಿದಂತೆ. ಅದೇ ಈ ದಿನ.

ಹತ್ತು ಗಂಟೆಗೆ ಕುಸಕಾರಿ ಬಂದ. ಬೆಳ್ಳಗಿನ ಗಿಡ್ಡ ಗಡ್ಡ, ಮೆತ್ತನೆಯ ಮಾತು. ಮರಕ್ಕೆ ಮೂರು ಸುತ್ತು ಬಂದು, "ಅಬ್ಬಬ್ಬಾ, ಏನು ಹಿಡ್ಕೊಂಡಿದೆ ಕಸಿ! ತಮೊತ್ಸು, ನಿನ್ನ ಕೈ ಚಿನ್ನ ಕಣಯ್ಯಾ" ಎಂದ.

"ಎಲ್ಲಾ ನೀವು ಹೇಳ್ಕೊಟ್ಟಿದ್ದು ಗುರುಗಳೇ" ಎಂದು ತಮೊತ್ಸು ಬಗ್ಗಿದ.

"ಏಳು ವರ್ಷ ನೀರು ಹಾಕಿದ್ದು ಮಾತ್ರ ನಾನು" ಎಂದಳು ಕಿಕುನೊ.

"ಅಕ್ಕಾ, ಸುಮ್ನಿರು ಸ್ವಲ್ಪ."

ಸುಮ್ಮನಿರುವ ಜಾಯಮಾನವೇ ಅಲ್ಲ ಅವಳದು. ಚಹಾದ ಬಟ್ಟಲು ಅವನ ಮುಂದಿಟ್ಟು ಕೇಳಿದಳು: "ಕುಸಕಾರಿ ಅವರೇ, ಪ್ರದರ್ಶನದಲ್ಲಿ ಮರದ ಮುಂದೆ ಚೀಟಿ ಇಡ್ತಾರಲ್ಲ, ಅದರಲ್ಲಿ ಏನು ಬರೀತೀರಿ?"

"ಜುನಿಪರ್ ಅಂತ. ಇನ್ನೇನು?"

"ಎಲೆ ಬೇರೆ ಊರಿಂದು ಅಂತ ಬರೆಯಲ್ವಾ?"

ಕುಸಕಾರಿ ನಕ್ಕ. "ಅದ್ಯಾಕಮ್ಮಾ? ಚೌರಿ ಹಾಕ್ಕೊಂಡವರು ಹಣೆ ಮೇಲೆ ಬರ್ಕೊಂಡು ಓಡಾಡ್ತಾರಾ?"

"ಚೌರಿ ಹಾಕ್ಕೊಳ್ಳೋರು ಇರೋ ಕೂದಲು ಬೋಳಿಸ್ಕೊಳ್ಳಲ್ಲ."

ತಮೊತ್ಸುವಿಗೆ ಚಹಾ ನೆತ್ತಿಗೇರಿ ಕೆಮ್ಮು ಬಂತು. ಕುಸಕಾರಿ ಮಾತ್ರ ಬೇಸರಪಡಲಿಲ್ಲ. ಅವನದೊಂದು ಕಟ್ಟುನಿಟ್ಟಿನ ಪದ್ಧತಿ: ಬೆಟ್ಟದಿಂದ ಮರ ಅಗೆದು ತಂದವರ ಮನೆಯವರು ಎದುರಿಗಿದ್ದರೆ ಮೊದಲ ಕತ್ತರಿ ಅವರೇ ಹಾಕಬೇಕು. ಅಗೆದವನಿಗೆ ಕೊಡುವ ಮರ್ಯಾದೆ ಅದು. ಕೊಂಬೆ ಕತ್ತರಿಯನ್ನು ಬಿಳಿ ಬಟ್ಟೆಯಲ್ಲಿ ಒರೆಸಿ, ಎರಡೂ ಕೈಯಲ್ಲಿ ಹಿಡಿದು, ಬಗ್ಗಿ ಅವಳ ಮುಂದೆ ಚಾಚಿದ. "ನಿಮ್ಮಪ್ಪನ ಹೆಸರಲ್ಲಿ, ನೀವೇ ಮೊದಲು."

ಕಿಕುನೊ ಕತ್ತರಿ ತೆಗೆದುಕೊಂಡಳು. ಎಡಗೈಯಿಂದ ಆ ಹಳೆಯ ಕೊಂಬೆಯನ್ನು ಹಿಡಿದಳು. ಎಲೆ ಚುಚ್ಚಿತು. ಮೂವತ್ತೇಳು ವರ್ಷ ದಿನಾ ಚುಚ್ಚಿಸಿಕೊಂಡ ಎಲೆ, ಇವತ್ತು ಮಾತ್ರ ಎದೆಗೇ ಚುಚ್ಚಿತು. ಇದನ್ನು ತೆಗೆದ ಮೇಲೆ ಟೋಕಿಯೋದವರು ಯಾವುದನ್ನು ನೋಡಿ ತಲೆದೂಗುತ್ತಾರೆ? ಬೇಡ ಎಂದು ಅಪ್ಪನ ಮುಖಕ್ಕೆ ಹೇಳಿದವರ ಮುಂದೆ ಅವರಿಗೆ ಬೇಕಾದ ವೇಷ ಹಾಕಿಸಿ ಮರವನ್ನು ನಿಲ್ಲಿಸುವುದು ಗೆಲುವು ಹೇಗಾದೀತು? ಅಪ್ಪ ಇದ್ದಿದ್ದರೆ ಕತ್ತರಿಸು ಅನ್ನುತ್ತಿದ್ದನೋ ಏನೋ. ಅನ್ನಲಿ. ಇದ್ದಿದ್ದರೆ ಅಪ್ಪನ ಹತ್ತಿರವೂ ಜಗಳಕ್ಕೆ ನಿಲ್ಲುತ್ತಿದ್ದಳು.

ಕೊಂಬೆ ಬಿಟ್ಟಳು. ಬಲಕ್ಕೆ ತಿರುಗಿ ಮೊದಲ ಕಸಿಯ ಬುಡಕ್ಕೆ ಕತ್ತರಿ ಇಟ್ಟು ಒತ್ತಿದಳು. ಟಕ್!

"ಅಕ್ಕಾ!"

ಟಕ್. ಎರಡನೆಯದು.

"ಅಕ್ಕಾ, ತಲೆ ಕೆಟ್ಟಿದೆಯಾ ನಿಂಗೆ? ಏಳು ವರ್ಷ ಕಣೇ, ಏಳು ವರ್ಷ!" ತಮೊತ್ಸು ಕೈ ಹಿಡಿಯಲು ಮುಂದೆ ಬಂದ.

"ಮುಟ್ಟಿದ್ರೆ ನಿನ್ನ ಬೆರಳೂ ಹೋಗುತ್ತೆ ನೋಡು!"

ಮೂರು, ನಾಲ್ಕು, ಐದು. ಹಸಿರು ಮೆತ್ತೆಗಳಂಥ ಕೊಂಬೆಗಳು ಅವಳ ಕಾಲಬುಡದಲ್ಲಿ ಬಿದ್ದವು. ಕುಸಕಾರಿಯ ಮುಖ ಬಿಳಿಚಿತ್ತು. "ಇನ್ನು ಈ ಮರ ಟೋಕಿಯೋ ನೋಡಲ್ಲ" ಎಂದ.

"ಟೋಕಿಯೋಗೇ ಇದನ್ನ ನೋಡೋ ಯೋಗ ಇಲ್ಲ ಬಿಡಿ."

ಹಾಗೆಂದು ಅವಳು ಮನುಷ್ಯತ್ವ ಬಿಟ್ಟವಳಲ್ಲ. ಕತ್ತರಿಸಿದ ಕೊಂಬೆಗಳನ್ನು ಆಯ್ದು, ಒದ್ದೆ ಪಾಚಿಯಲ್ಲಿ ಸುತ್ತಿ, ಅವನು ಮಾಡಿದಂತೆಯೇ ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. "ತಪ್ಪು ನಂದು. ಏಳು ವರ್ಷದ ಹಿಂದೆನೇ ಬೇಡ ಅನ್ನಬೇಕಿತ್ತು. ಮರಳಲ್ಲಿ ಊರಿದ್ರೆ ಬೇರು ಬಿಡ್ತಾವೆ. ಒಳ್ಳೆ ಎಲೆನೇ. ನಮ್ಮದಲ್ಲ, ಅಷ್ಟೆ." ಕುಸಕಾರಿ ತೆಗೆದುಕೊಂಡ, ಹಿಂತಿರುಗಿ ನೋಡದೆ ಹೋದ.

ಆಮೇಲಿನದು ಕೇಳಬೇಡಿ. ಹತ್ತು ತಿಂಗಳು ತಮೊತ್ಸು ಅಕ್ಕನ ಹತ್ತಿರ ನೆಟ್ಟಗೆ ಮಾತಾಡಲಿಲ್ಲ. "ನೀರು ಬಿಟ್ಟಾಯ್ತು", "ಊಟ ಆಯ್ತು", ಇಷ್ಟೇ. ಮರವೂ ನೋಡುವಂತಿರಲಿಲ್ಲ. ಬಲಮಗ್ಗುಲು ಬೋಳು, ಎಡಕ್ಕೊಂದು ಕೊಂಬೆ, ತೋಳು ಮುರಿದವನಂತೆ ನಿಂತಿತ್ತು. ದಾರಿ ಇದ್ದದ್ದು ಒಂದೇ: ಆ ಕೊಂಬೆಯನ್ನೇ ಹಿಂದಿನಿಂದ ಬಾಗಿಸಿ, ಮೇಲೆ ತಂದು, ಅದರಲ್ಲೇ ತಲೆಯನ್ನೂ ಬಲಭಾಗವನ್ನೂ ಮಾಡಬೇಕು. ಮಣಿಕಟ್ಟಿನಷ್ಟು ದಪ್ಪದ ಜುನಿಪರ್ ಕೊಂಬೆ. ಬಾಗಿದರೆ ಬಾಗಿತು, ಸೀಳಿದರೆ ಮರವೇ ಹೋಯಿತು. ಬೇರೆ ಹಸಿರು ಅದರ ಮೈಮೇಲೆ ಎಲ್ಲಿದೆ?

ಫೆಬ್ರವರಿ ಬಂತು. ಟೋಕಿಯೋದಲ್ಲಿ ಪ್ರದರ್ಶನದ ಬಾಗಿಲು ತೆರೆದ ದಿನವೇ ಕಿಕುನೊ ಕೊಂಬೆಗೆ ಒದ್ದೆ ನಾರು ಬಿಗಿಯಾಗಿ ಸುತ್ತಿ, ಮೇಲೆ ತಾಮ್ರದ ತಂತಿ ಬಿಗಿದಳು. ಬೇಕೆಂದೇ ಆ ದಿನ. ಕೊಂಬೆಗೆ ಹಗ್ಗ ಕಟ್ಟಿ ಎಳೆದಳು. ಒಬ್ಬಳ ಕೈಯಲ್ಲಿ ಆಗುವ ಮಾತಲ್ಲ. ಎಳೆದರೆ ಬುಡ ಅಲುಗುತ್ತಿತ್ತು, ಬುಡ ಹಿಡಿದರೆ ಎಳೆಯಲು ಕೈ ಸಾಲದು. ಹಿಂದಿನಿಂದ ಚಪ್ಪಲಿಯ ಸದ್ದಾಯಿತು. ತಮೊತ್ಸು ಬಂದು ಎದುರು ಮಂಡಿಯೂರಿ ಬುಡವನ್ನು ತಬ್ಬಿದ. ಮುಖ ಇನ್ನೂ ಊದಿಕೊಂಡೇ ಇತ್ತು.

ಕಿಕುನೊ ಹಗ್ಗವನ್ನು ಅಂಗೈಗೆ ಸುತ್ತಿಕೊಂಡಳು. "ಹಿಡ್ದಿದ್ದೀಯಾ?" ಎಂದಳು.

"ಹಿಡ್ದಿದ್ದೀನಿ. ಎಳಿ."

ಎಳೆದಳು. ಕೊಂಬೆ ಅಂಗುಲ ಅಂಗುಲವಾಗಿ ಬಂತು. ಒಳಗೆಲ್ಲೋ ಚಟ್ ಎಂದಿತು. ಕಿಕುನೊ ಬೆರಳಿಂದ ನಾರಿನ ಮೇಲೆ ತಡವಿ ನೋಡಿದಳು. ಒಳಗಿನ ಗಟ್ಟಿ ಕಟ್ಟಿಗೆ ಬಿರಿದಿತ್ತು, ಮೇಲಿನ ಜೀವಂತ ತೊಗಟೆ ಇಡಿಯಾಗಿತ್ತು. ಸಂಜೆಯ ಹೊತ್ತಿಗೆ ಕೊಂಬೆ ಬುಡವನ್ನು ಬಳಸಿ ಬಲಕ್ಕೆ ಬಂದಿತ್ತು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಿತ್ತಳೆ ಸುಲಿದು ತಿಂದರು. "ನಿನ್ನ ಹಟಕ್ಕಿಷ್ಟು ಬೆಂಕಿ ಹಾಕ" ಎಂದ ತಮೊತ್ಸು. ಹತ್ತು ತಿಂಗಳಲ್ಲಿ ಅವನಾಡಿದ ಮೊದಲ ಉದ್ದನೆಯ ಮಾತು ಅದು.

ಮೂರನೆಯ ವರ್ಷದ ಶರತ್ಕಾಲದಲ್ಲಿ ಇಬ್ಬರೂ ಸೇರಿ ಮರವನ್ನು ಎತ್ತಿ ವ್ಯಾನಿಗೆ ಹಾಕಿ ಮತ್ಸುಯಾಮಾ ನಗರದ ಪ್ರದರ್ಶನಕ್ಕೆ ಒಯ್ದರು. ಬಾಗಿದ ಕೊಂಬೆ ತುಂಬಿಕೊಂಡು ಒರಟು ಹಸಿರು ಗುಪ್ಪೆಯಾಗಿತ್ತು. ಎಲ್ಲರ ಮರದ ಮುಂದೆ ಜಾತಿಯ ಹೆಸರಷ್ಟೇ ಇದ್ದ ಚೀಟಿ. ಕಿಕುನೊ ಮಾತ್ರ ಕುಂಚದಲ್ಲಿ ದಪ್ಪಗೆ ಬರೆದಿದ್ದಳು: "ಜುನಿಪರ್. ಅಗೆದವನು ಜಿನ್‌ಪಾಚಿ, ಹಗ್ಗ ಹಿಡಿದವಳು ಕಿಕುನೊ. ಎಲೆಯೂ ಇದೇ ಬೆಟ್ಟದ್ದು."

ಸಾಲಿನಲ್ಲಿದ್ದ ಮರಗಳಲ್ಲಿ ಅರ್ಧಕ್ಕರ್ಧ ಕಸಿ ಎಲೆಯವೇ. ಆ ಚೀಟಿ ಓದಿದವರು ಮುಂದಿನ ಮರದ ಎಲೆಯನ್ನು ಬಗ್ಗಿ ಬಗ್ಗಿ ನೋಡತೊಡಗಿದರು. ಮಾಲೀಕರಿಗೆ ಹೇಗಾಗಿರಬೇಡ! ತೀರ್ಪುಗಾರನಾಗಿ ಬಂದಿದ್ದ ಕುಸಕಾರಿಯೂ ಓದಿದ. ಬೆರಳು ಚಾಚಿ ಎಲೆ ಮುಟ್ಟಿ, ಚಟ್ಟನೆ ಹಿಂದೆಳೆದುಕೊಂಡ.

"ಇನ್ನೂ ಚುಚ್ಚುತ್ತಲ್ಲಮ್ಮಾ ಇದು."

"ಚುಚ್ಚಬೇಕು" ಎಂದಳು ಕಿಕುನೊ.

ಅವನು ಮುಂದಿನ ಮರಕ್ಕೆ ಹೋದ. ಬಹುಮಾನ ಬರಲಿಲ್ಲ, ಬರುವುದೂ ಇರಲಿಲ್ಲ. ಮಧ್ಯಾಹ್ನ ವ್ಯವಸ್ಥಾಪಕರೊಬ್ಬರು ಬೆವರೊರೆಸಿಕೊಳ್ಳುತ್ತ ಬಂದು, ಬೇರೆಯವರು ಗಲಾಟೆ ಮಾಡುತ್ತಿದ್ದಾರೆ, ಇಂಥ ಚೀಟಿ ಇಡುವ ಪದ್ಧತಿ ಇಲ್ಲ, ದಯವಿಟ್ಟು ತೆಗೆಯಿರಿ ಎಂದರು. ಕಿಕುನೊ ಬಾಯಿ ತೆರೆಯುವ ಮೊದಲೇ ತಮೊತ್ಸು ಚೀಟಿಯ ಮುಂದೆ ಕೈಕಟ್ಟಿ ನಿಂತ.

"ಚೀಟಿ ತೆಗೀಬೇಕಾದ್ರೆ ಮರಾನೂ ತೆಗೀರಿ ಸ್ವಾಮಿ. ಎತ್ತೋಕೆ ಇಬ್ಬರು ಬೇಕು. ನಾವಿಬ್ಬರೂ ಎತ್ತಲ್ಲ."

ಚೀಟಿ ಕೊನೆಯ ದಿನದವರೆಗೂ ಅಲ್ಲೇ ಇತ್ತು.