ರೈಲೋ, ಬಸ್ಸೋ

"ರೈಲಿಗೆ ಹೋದ್ರೆ ಜಂಕ್ಷನ್‌ನಲ್ಲಿ ಇಳಿದು ಇನ್ನೊಂದು ಗಾಡಿ ಹತ್ತಬೇಕು. ಮೊದಲನೇದು ತಡ ಆದ್ರೆ ಎರಡನೇದು ನಿನಗೋಸ್ಕರ ಕಾಯುತ್ತಾ?" ಎಂದಳು ಮಗಳು.

"ಹಾಗಾದ್ರೆ ಬಸ್ಸಿಗೇ ಹೋಗ್ತೀನಿ."

"ಬಸ್ಸಾ? ಬೆಟ್ಟದಲ್ಲಿ ಮೂರು ತಿರುವು ದಾಟೋಷ್ಟರಲ್ಲಿ ನಿನ್ನ ಕರುಳೇ ಬಾಯಿಗೆ ಬಂದಿರುತ್ತೆ."

ಅಳಿಯ ಮೊಬೈಲಿನಿಂದ ತಲೆಯೆತ್ತದೆ, "ವಿಮಾನನೂ ಇದೆ ಅತ್ತೆ, ಒಂದೇ ಗಂಟೆ," ಎಂದ. ಇನ್ನಷ್ಟು ಬೆರಳಾಡಿಸಿ, "ಆದ್ರೆ ಅದು ಇಳಿಯೋ ಜಾಗದಿಂದ ಆ ಊರಿಗೆ ಮತ್ತೆ ಮೂರು ಗಂಟೆ," ಎಂದು ತಾನೇ ಪೆಚ್ಚಾದ. ಮಾತು ಕೇಳಿ ಮಹಡಿ ಹತ್ತಿ ಬಂದಿದ್ದ ಕೆಳಮನೆಯ ಲಾರಿ ಡ್ರೈವರು, ಕಾರು ಮಾಡಿಕೊಂಡು ನದಿ ಪಕ್ಕದ ಹಳೇ ರಸ್ತೆ ಹಿಡಿದರೆ ಅರ್ಧ ದಿನ ಉಳಿಯುತ್ತದೆಂದರು. ಆ ರಸ್ತೆ ಈಗ ಇದೆಯೋ ಇಲ್ಲವೋ ಅವರಿಗೂ ಗೊತ್ತಿರಲಿಲ್ಲ.

ಲೆನ್ಸಮ್ಮ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಗಾಜು ಉಜ್ಜಿ ಬಂದ ಹೆಸರು ಅದು. ಗಾಜಿನ ಅಂಚಿನಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಬೆರಳಲ್ಲೇ ಹೇಳುತ್ತಿದ್ದವಳಿಗೆ ಇವತ್ತು ಒಂದೂ ತಲೆಗೆ ಹತ್ತಲಿಲ್ಲ.

ಅಂದೇ ಮಧ್ಯಾಹ್ನ ಅಂಗಡಿಗೆ ಫೋನ್ ಬಂದಿತ್ತು. ಕಡಲತೀರದ ಆ ಊರಿನ ಆಸ್ಪತ್ರೆಯಿಂದ ಒಬ್ಬ ನರ್ಸು. "ನಿಮ್ಮೆಜಮಾನ್ರು ಇಲ್ಲಿದಾರಮ್ಮ. ಇನ್ನು ಮೂರು ದಿನಕ್ಕೆ ಹೊಟ್ಟೆ ಆಪರೇಷನ್ನು. ನಿಮ್ಮೋರು ಯಾರು ಅಂದ್ರೆ ನಿಮ್ಮೊಬ್ಬರ ಹೆಸರೇ ಹೇಳ್ತಾರೆ. ಬರ್ತೀರಾ?" ಚಪ್ಪಲಿ ಹೊಲಿಸಿಕೊಂಡು ಬರ್ತೀನಿ ಎಂದು ಹತ್ತೊಂಬತ್ತು ವರ್ಷದ ಹಿಂದೆ ಹೊರಟ ಮನುಷ್ಯ. ಅಂಗಡಿಯ ನಂಬರು ಅವನಿಗಿನ್ನೂ ನೆನಪಿತ್ತು. ಲೆನ್ಸಮ್ಮ "ಹೂಂ" ಎಂದು ಫೋನಿಟ್ಟಳು. ಬರುತ್ತೇನೆಂಬ ಹೂಂ ಅದೋ, ಕೇಳಿಸಿತೆಂಬ ಹೂಂ ಅದೋ ಅವಳಿಗೇ ತಿಳಿಯಲಿಲ್ಲ. ಸಂಜೆ ಮನೆಯಲ್ಲಿ ಹೇಳಿದ್ದಷ್ಟೇ. ಎಲ್ಲರೂ ದಾರಿ ಹುಡುಕಲು ಕೂತುಬಿಟ್ಟರು.

ಮಾರನೇ ಬೆಳಿಗ್ಗೆ ಅಮ್ಮ ಮಗಳು ಚೀಲ ಹಿಡಿದು ಹೊರಟರು. ರೈಲು ನಿಲ್ದಾಣವೂ ಬಸ್ ನಿಲ್ದಾಣವೂ ಒಂದೇ ರಸ್ತೆಯಲ್ಲಿ ಎದುರುಬದುರು. ರೈಲಿನ ವಿಚಾರಣೆ ಕಿಟಕಿಯವನು, "ಎರಡನೇ ಗಾಡಿ ಇದ್ರೂ ಇರಬಹುದು, ಜಂಕ್ಷನ್‌ನಲ್ಲೇ ಕೇಳ್ಕೊಳ್ಳಿ," ಎಂದ. ರಸ್ತೆ ದಾಟಿ ಬಂದರೆ ಬಸ್ಸಿನವನು, "ಬೆಟ್ಟದ ರಸ್ತೆ ರಿಪೇರಿ, ಸುತ್ತಿ ಹೋಗುತ್ತೆ. ಎಷ್ಟೊತ್ತಿಗೆ ಸೇರುತ್ತೆ ಅಂತ ಮಾತ್ರ ಕೇಳ್ಬೇಡಿ," ಎಂದ.

ಲೆನ್ಸಮ್ಮ ಅಲ್ಲೇ ಕಲ್ಲುಬೆಂಚಿನ ಮೇಲೆ ಕುಸಿದಳು. "ನೀನೇ ಯಾವುದಾದ್ರೂ ಒಂದು ಹೇಳೇ. ನನ್ನ ತಲೆ ಕೆಟ್ಟು ಮೊಸರಾಗಿದೆ."

ಮಗಳು ಪಕ್ಕದಲ್ಲಿ ಕೂತಳು. "ಅಪ್ಪ ಆವತ್ತು ಯಾವುದರಲ್ಲಿ ಹೋದ್ರಮ್ಮ? ರೈಲೋ, ಬಸ್ಸೋ?" ಎಂದಳು.

"ನನಗೇನೇ ಗೊತ್ತು?"

"ನಾನು ಬಸ್ಸು ಅಂದ್ಕೊಂಡಿದ್ದೆ. ಸ್ಕೂಲು ಬಿಟ್ಟಮೇಲೆ ಇಲ್ಲಿಗೆ ಬರ್ತಿದ್ದೆ. ಆ ಕಂಬದ ಹತ್ರ ನಿಂತು ಇಳಿಯೋರನ್ನ ನೋಡ್ತಿದ್ದೆ. ಎರಡು ವರ್ಷ, ಐದನೇ ಕ್ಲಾಸು ಮುಗಿಯೋವರೆಗೂ."

"ಮನೆಪಾಠಕ್ಕೆ ಹೋಗ್ತೀನಿ ಅಂತಿದ್ದೆಯಲ್ಲೇ."

"ಹೂಂ." ಮಗಳು ಚೀಲದ ಹಿಡಿಯನ್ನು ತಿರುಚುತ್ತಿದ್ದಳು. "ಎದುರಿಗೆ ರೈಲೂ ಇದೆಯಲ್ಲ ಅಂತ ಒಂದಿನ ಹೊಳೀತು. ಎರಡು ಕಡೆ ಒಬ್ಬಳೇ ಹೇಗೆ ನಿಲ್ಲೋದು ಅಂತ ಬಿಟ್ಬಿಟ್ಟೆ."

ಲೆನ್ಸಮ್ಮನಿಗೆ ಆ ಎರಡು ವರ್ಷ ಸಂಜೆ ಅಂಗಡಿಯಿಂದ ಬಂದು ಇವಳ ಕಾಲಿನ ಧೂಳು ತೊಳೆಯುವಾಗ, ಎಲ್ಲಿಂದ ಇಷ್ಟು ಧೂಳು ಹೊತ್ತು ತರ್ತೀಯೇ ಎಂದು ಗದರಿದ್ದಷ್ಟೇ ನೆನಪಾಯಿತು.

"ನಾನು ಹೋಗ್ಲಾ ಬೇಡ್ವಾ?" ಕೊನೆಗೆ ಕೇಳಿದಳು.

"ಗೊತ್ತಿಲ್ಲಮ್ಮ."

"ನೀನೂ ಬರ್ತೀಯಾ?"

"ಅದೂ ಗೊತ್ತಿಲ್ಲ. ಇವತ್ತಂತೂ ಆಗಲ್ಲ." ಮಗಳು ಎದ್ದು ಚೀಲ ಎತ್ತಿಕೊಂಡಳು. "ಬಸ್ಸಿಗೇ ಹೋಗು. ಹೊಟ್ಟೆ ತೊಳಸಿದ್ರೆ ಅಂತ ಪಕ್ಕದ ಜೇಬಲ್ಲಿ ಕವರ್ ಇಟ್ಟಿದೀನಿ."

ಕಿಟಕಿಯ ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತ ಹೆಂಗಸು ಸೆರಗು ಸರಿಮಾಡಿಕೊಳ್ಳುತ್ತ, "ಅಲ್ಲಿ ಯಾರಿದಾರೆ, ಮಗನಾ?" ಎಂದು ವಿಚಾರಿಸಿದಳು.

"ಇಲ್ಲ," ಎಂದಳು ಲೆನ್ಸಮ್ಮ. ಚೀಲವನ್ನು ಮಡಿಲಿಗೆ ಎಳೆದುಕೊಂಡು, "ಒಬ್ರಿದಾರೆ," ಎಂದಷ್ಟೇ ಹೇಳಿದಳು.

ಬಸ್ಸು ಹಿಂದಕ್ಕೆ ಸರಿಯಿತು. ಕಿಟಕಿಯಿಂದ ಕೈ ಹೊರಹಾಕಿದಳು. ಮಗಳು ಇತ್ತ ನೋಡುತ್ತಿರಲಿಲ್ಲ. ಖಾಲಿಯಾದ ಜಾಗಕ್ಕೆ ಇನ್ನೊಂದು ಬಸ್ಸು ಬಂದು ನಿಂತಿತ್ತು. ಗಂಟು, ಚೀಲ, ನಿದ್ದೆಗಣ್ಣುಗಳನ್ನು ಹೊತ್ತು ಜನ ಇಳಿಯುತ್ತಿದ್ದರು. ಮಗಳು ಕಂಬಕ್ಕೆ ಒಂದು ಕೈಯಾನಿಸಿ, ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡುತ್ತ ನಿಂತಿದ್ದಳು.