ಪಿನ್ನಮ್ಮನಿಗೆ ಹೆಚ್ಚುವರಿ ಪ್ರಭಾರ

ಭಾನುವಾರ ಬೆಳಿಗ್ಗೆ ಚಂದ್ರಮೋಹನರ ಕನ್ನಡ ಕ್ಲಾಸಿಗೆ ಬರುವ ಮಕ್ಕಳ ಕಣ್ಣು ಬೋರ್ಡಿನ ಮೇಲೆ ನಿಲ್ಲುತ್ತಿರಲಿಲ್ಲ. ಮೂಲೆಯಲ್ಲಿದ್ದ ಟೇಬಲ್ ಟೆನಿಸ್ ಮೇಜಿನ ಮೇಲೆ ನೆಟ್ಟಿರುತ್ತಿತ್ತು. ದೆಹಲಿಯ ದ್ವಾರಕಾದ ಆ ವಸತಿ ಸೊಸೈಟಿಯವರು ತಮ್ಮ ಕ್ಲಬ್ ರೂಮನ್ನು ವಾರಕ್ಕೊಂದು ಗಂಟೆ ಕನ್ನಡಕ್ಕೆ ಬಿಟ್ಟುಕೊಟ್ಟದ್ದೇ ದೊಡ್ಡದು. ಕೇಂದ್ರ ಸರ್ಕಾರದಲ್ಲಿ ಉಪನಿರ್ದೇಶಕರಾಗಿ ನಿವೃತ್ತರಾಗಿದ್ದ ಚಂದ್ರಮೋಹನರು ಇಸ್ತ್ರಿ ಮುರಿಯದ ಅಂಗಿ ತೊಟ್ಟು ಬಂದು, ಹಾಜರಿ ಕರೆದು, "ಹಿರಿಯರನ್ನು ಗೌರವಿಸಬೇಕು, ಹಲ್ಲನ್ನು ದಿನಾ ಉಜ್ಜಬೇಕು" ಎಂದು ಉಕ್ತಲೇಖನ ಕೊಡುತ್ತಿದ್ದರು. ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. ಅದಿತಿ ಎಂಬ ಪುಟ್ಟ ಹುಡುಗಿಯಂತೂ ಯಾವ ಭಾಷೆಯಲ್ಲೂ ಬಾಯಿ ಬಿಡುತ್ತಿರಲಿಲ್ಲ. ಅವಳ ಪಕ್ಕದಲ್ಲಿ ಕೂರುವ ಗಗನ್ ಅವಳ ಪಾಲಿನ ಮಾತನ್ನೂ ತಾನೇ ಆಡಿ ಮುಗಿಸುತ್ತಿದ್ದ.

ವಾರದಿಂದ ವಾರಕ್ಕೆ ಹಾಜರಿ ಇಳಿಯತೊಡಗಿತು. ಒಬ್ಬನಿಗೆ ಸ್ಕೇಟಿಂಗ್ ಶುರುವಾಯಿತು, ಇನ್ನೊಬ್ಬಳಿಗೆ ಕಥಕ್. "ಮಕ್ಕಳನ್ನ ಹೇಗಾದ್ರೂ ಹಿಡಿದಿಟ್ಟುಕೊಳ್ಳಬೇಕು" ಎಂದು ಅಲ್ಲಿನ ಕನ್ನಡ ಬಳಗದವರು ಸಭೆ ಸೇರಿ, ರಾಜ್ಯೋತ್ಸವದ ದಿನ ಅವರ ಕೈಗೊಂದು ಚಿತ್ರಪುಸ್ತಕ ಕೊಡುವುದೆಂದು ತೀರ್ಮಾನಿಸಿದರು. ಬರೆಯುವವರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ತಂತಮ್ಮ ಚಹಾದ ಕಪ್ಪಿನೊಳಕ್ಕೆ ನೋಡಿದರು. ಚಂದ್ರಮೋಹನರು ಗಂಟಲು ಸರಿಮಾಡಿಕೊಂಡು, "ನಾನು ಬರೀತೀನಿ" ಅಂದರು. ಜೀವಮಾನವಿಡೀ ಟಿಪ್ಪಣಿ ಬರೆದ ಕೈ. ಒಂದು ಮಕ್ಕಳ ಕಥೆ ಯಾವ ಮಹಾ!

ಚಿತ್ರ ಬರೆಯಲು ಹಂಸಿನಿ ಸಿಕ್ಕಳು. ಚಿತ್ರದುರ್ಗದ ಈ ಹುಡುಗಿ ದೆಹಲಿಯಲ್ಲಿ ಚಿತ್ರಕಲೆ ಓದುತ್ತಿದ್ದಳು. ಪಕ್ಕದ ಸೆಕ್ಟರಿನಲ್ಲಿ ಪಿ.ಜಿ.ಯಲ್ಲಿದ್ದು, ಅಲ್ಲಿಯ ರಾಜ್ಮಾ ನಾಲಿಗೆಗೆ ಬೇಸರ ತಂದಾಗಲೆಲ್ಲ ಚಂದ್ರಮೋಹನರ ಹೆಂಡತಿ ವೈಜಯಂತಿಯವರ ಕೈಯ ಹುಳಿಯನ್ನಕ್ಕೆ ಬಂದುಬಿಡುತ್ತಿದ್ದಳು. ಅಂದು ಬರುವಾಗ ಅವಳ ಚೀಲದ ಪಟ್ಟಿ ಕಿತ್ತುಹೋಗಿತ್ತು.

"ಆಂಟಿ, ಒಂದು ಪಿನ್ ಇದ್ರೆ ಕೊಡ್ತೀರಾ?"

ವೈಜಯಂತಿ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಅವಳ ಮಡಿಲಿಗಿಟ್ಟು ಒಗ್ಗರಣೆ ಹಾಕಲು ಹೋದರು. ಡಬ್ಬಿಯಲ್ಲಿ ಜೊತೆ ಕಳೆದುಕೊಂಡ ಗುಂಡಿಗಳು, ಹುಕ್ಕುಗಳು, ರಬ್ಬರ್ ಬ್ಯಾಂಡು, ಕುಕ್ಕರಿನ ಹಳೇ ವೆಯ್ಟು, ಬಟ್ಟೆ ಕ್ಲಿಪ್ಪು, ಎಲ್ಲ ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಹಂಸಿನಿ ಚೀಲದ ಚಿಂತೆ ಮರೆತು ಒಂದೊಂದನ್ನೇ ಎತ್ತಿ ಸೋಫಾದ ಕೈಮೇಲೆ ಸಾಲಾಗಿ ಕೂರಿಸಿದಳು. ಊಟಕ್ಕೆ ಕರೆಯುವ ಹೊತ್ತಿಗೆ ಅವಳ ಕಾಗದದ ಮೇಲೆ ಸೊಂಟಕ್ಕೆ ಕೈಯಿಟ್ಟ ಪಿನ್ನೊಂದು, ಹೊಟ್ಟೆ ಬಿಟ್ಟ ಕೋಟಿನ ಗುಂಡಿಯೊಂದು, ಬಾಯಗಲಿಸಿ ಆಕಳಿಸುವ ಕ್ಲಿಪ್ಪೊಂದು ಹುಟ್ಟಿದ್ದವು.

"ಸರ್, ಇವರೇ ನಮ್ಮ ಕಥೆಯವರು. ಇವರಿಗೆ ಜೀವ ಬಂದಿದೆ ಅಂದ್ಕೊಳಿ. ಮುಂದಿನದು ನಿಮ್ಮದು."

ಚಂದ್ರಮೋಹನರು ವಾರವಿಡೀ ಬಾಗಿಲು ಹಾಕಿಕೊಂಡು ಬರೆದರು. ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದರು: "ಪಿನ್ ಎಂಬುದು ಅತ್ಯಂತ ಉಪಯುಕ್ತವಾದ ವಸ್ತುವಾಗಿರುತ್ತದೆ. ಸದರಿ ಪಿನ್ ಒಂದು ದಿನ ಗುಂಡಿಯನ್ನು ಭೇಟಿಯಾಗಿ ಐಕಮತ್ಯದ ಮಹತ್ವವನ್ನು ಕೂಲಂಕಷವಾಗಿ ವಿವರಿಸಲಾಗಿ..."

ವೈಜಯಂತಿ ಅವರೆಕಾಯಿ ಸುಲಿಯುತ್ತ ಕೇಳಿದರು. "ಚೆನ್ನಾಗಿದೆ ರೀ. ಕೆಳಗಡೆ ಸಹಿ, ಮೊಹರು ಯಾವಾಗ ಹಾಕ್ತೀರಾ?"

ಹೆಂಡತಿಗೆ ಸಾಹಿತ್ಯ ತಿಳಿಯದು ಎಂದುಕೊಂಡು ಅವರು ಅದನ್ನು ಭಾನುವಾರ ಮಕ್ಕಳ ಮುಂದೆ ಓದಿದರು. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಗಗನ್ ಕೈ ಎತ್ತಿದ.

"ತಾತಾ, ಕಹಾನಿ ಕಬ್ ಶುರೂ ಹೋಗೀ?"

ಕಥೆ ಯಾವಾಗ ಶುರುವಾಗುತ್ತದೆ ಎಂದು ಆ ಹುಡುಗ ಕೇಳುವಾಗ ಕಥೆ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಅವನು ಕುಚೋದ್ಯಕ್ಕೆ ಕೇಳಿದ್ದರೆ ಚಂದ್ರಮೋಹನರು ಗದರಿಬಿಡುತ್ತಿದ್ದರು. ಹುಡುಗ ನಿಜವಾಗಿಯೂ ಕಾಯುತ್ತಿದ್ದ. ಅದೇ ಅವರ ಎದೆಗೆ ನಾಟಿತು. ಮನೆಗೆ ಬಂದವರು ಕಾಗದಗಳನ್ನು ಮೇಜಿನ ಡ್ರಾಯರಿಗೆ ತುರುಕಿ, "ಬೇರೆ ಯಾರಾದ್ರೂ ಬರೀಲಿ" ಎಂದು ಪೇಪರಿನ ಹಿಂದೆ ಮರೆಯಾದರು.

ಮಾರನೆಯ ಬೆಳಿಗ್ಗೆ ಹಂಸಿನಿ ಮುಂದೇನು ಎಂದು ಕೇಳಲು ಬಂದಳು. ವೈಜಯಂತಿ ತುಟಿಯ ಮೇಲೆ ಬೆರಳಿಟ್ಟು ಅವಳನ್ನು ಅಡುಗೆಮನೆಯ ಬಾಗಿಲಲ್ಲೇ ನಿಲ್ಲಿಸಿಕೊಂಡರು. ಒಳಕೋಣೆಯಲ್ಲಿ ಚಂದ್ರಮೋಹನರು ನೇಲ್ ಕಟರ್ ಹುಡುಕುತ್ತಿದ್ದರು.

"ಎಲ್ಲಿ ಹೋದ ಈ ಆಸಾಮಿ? ರಜೆ ಚೀಟಿ ಇಲ್ಲ, ಹೇಳಿ ಹೋಗೋ ಪದ್ಧತಿ ಇಲ್ಲ. ನೀನಾದ್ರೂ ನೋಡಿದ್ಯೇನಯ್ಯ ಬಾಚಣಿಗೆ? ಇಲ್ಲ. ನೀವೆಲ್ಲ ಒಂದೇ ಯೂನಿಯನ್ನು. ಓಹೋ, ರಿಮೋಟ್ ಸಾಹೇಬರು ಇಲ್ಲಿದ್ದೀರಾ! ಮೂರು ದಿನದಿಂದ ದಿಂಬಿನ ಕೆಳಗೆ ಡೆಪ್ಯುಟೇಷನ್ನಾ?" ಆಮೇಲೆ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಗುಂಡಿ ಹಾರಿಹೋಗಿದ್ದ ಕುರ್ತಾದ ಕತ್ತಿಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದರು. "ನೀನೊಬ್ಬಳೇ ಕಣಮ್ಮ ನಿಯತ್ತಿನವಳು. ಈ ಮನೆಯಲ್ಲಿ ಯಾವನು ಜಾಗ ಖಾಲಿ ಮಾಡಿದ್ರೂ ನಿನಗೇ ಹೆಚ್ಚುವರಿ ಪ್ರಭಾರ. ಗುಂಡಿ ಇಲ್ವಾ, ಪಿನ್ನಮ್ಮನ್ನ ಕರೀರಿ. ಹುಕ್ಕು ಮುರೀತಾ, ಪಿನ್ನಮ್ಮನ್ನ ಕರೀರಿ. ಬಡ್ತಿ ಮಾತ್ರ ಯಾರೂ ಕೊಡಲ್ಲ."

ಹಂಸಿನಿ ಬಾಯಿಗೆ ಕೈ ಅಡ್ಡ ಹಿಡಿದರೂ ನಗು ಬೆರಳ ಸಂದಿಯಿಂದ ಹೊರಬಿತ್ತು. ಚಂದ್ರಮೋಹನರು ಹೊರಗೆ ಬಂದು ಇಬ್ಬರನ್ನೂ ನೋಡಿದರು.

"ಏನಾಯ್ತು? ನಾನೇನು ಅಂದೆ?"

"ದಿನಾ ಅನ್ನೋದನ್ನೇ ಅಂದ್ರಿ" ಎಂದರು ವೈಜಯಂತಿ. "ರಿಟೈರ್ ಆದಾಗಿನಿಂದ ಈ ಮನೆ ಸಾಮಾನಿಗೆಲ್ಲ ನೀವೇ ಸಾಹೇಬರು. ನಿನ್ನೆ ಕುಕ್ಕರ್ ವೆಯ್ಟಿಗೆ ಕೂಗಾಡಬೇಡ ಅಂತ ಮೆಮೊ ಕೊಟ್ರಿ. ಕಥೆ ಬರೆಯೋಕೆ ಬಾಗಿಲು ಯಾಕೆ ಹಾಕ್ಕೋಬೇಕು? ಬಾಯಿಗೆ ಬಂದಿದ್ದನ್ನ ಬರ್ಕೊಳ್ಳಿ."

ತಾವು ಹೀಗೆ ಗಟ್ಟಿಯಾಗಿ ಮಾತಾಡುತ್ತೇವೆಂಬುದು ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ. ಕಿವಿ ಬಿಸಿಯಾಯಿತು. ಒಳಗೆ ಹೋಗಿ ಕೂತುಬಿಡೋಣವೆನ್ನಿಸಿತು. ಅಷ್ಟರಲ್ಲಿ ಹಂಸಿನಿ ಊಟದ ಮೇಜಿನ ಮೇಲೆ ಕಾಗದ ಹರಡಿ, ತಲೆಯ ಮೇಲೆ ಫೈಲಿನ ಗೋಪುರ ಹೊತ್ತು ಬೆವರುತ್ತ ಓಡುವ ಪಿನ್ನಮ್ಮನನ್ನು ಬರೆಯತೊಡಗಿದ್ದಳು. ಅವರು ಬಗ್ಗಿ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡರು. "ಫೈಲ್ ಬೇಡ. ಒಂದು ಕೈಯಲ್ಲಿ ಪರದೆ ಹಿಡಿದಿರಲಿ, ಇನ್ನೊಂದರಲ್ಲಿ ಹರಿದ ಚಪ್ಪಲಿ. ಚಪ್ಪಲಿ ವಾಸನೆಗೆ ಮೂಗು ಸೊಟ್ಟ ಆಗಿರಲಿ."

ಕಥೆ ಹೀಗೆ ಹುಟ್ಟಿತು. ಮನೆಯೊಂದರಲ್ಲಿ ನೇಲ್ ಕಟರ್ ರಜೆ ಚೀಟಿ ಕೊಡದೆ ನಾಪತ್ತೆ, ಅವನ ಹಿಂದೆ ಕೋಟಿನ ಗುಂಡಿ ಗುಂಡಪ್ಪನೂ ನಾಪತ್ತೆ. ಎಲ್ಲರ ಕೆಲಸವೂ ಪಿನ್ನಮ್ಮನ ತಲೆಗೆ. ಕಡೆಗೊಂದು ದಿನ ಅವಳು ಅಳುತ್ತ, "ನನಗೂ ನಿದ್ದೆ ಬೇಕು" ಎಂದು ಬಾಯಿ ಬಿಗಿದು ಮಲಗಿಬಿಡುತ್ತಾಳೆ. ಪರದೆ ಬೀಳುತ್ತದೆ, ಚಪ್ಪಲಿ ಬಾಯಿ ಬಿಡುತ್ತದೆ, ಮನೆಯ ಯಜಮಾನ ಪೈಜಾಮ ಹಿಡಿದುಕೊಂಡೇ ಬಾಗಿಲು ತೆಗೆಯಬೇಕಾಗುತ್ತದೆ. ಕ್ಲಿಪ್ಪು, ಬಾಚಣಿಗೆ, ರಬ್ಬರ್ ಬ್ಯಾಂಡು ಸೇರಿ ಹುಡುಕಿದರೆ ಕಳ್ಳರಿಬ್ಬರೂ ಎಲ್ಲಿ? ಡಿಸೆಂಬರಿನ ಚಳಿಗೆ ಹೆದರಿ ಫ್ರಿಜ್ಜಿನ ಹಿಂದಿನ ಬೆಚ್ಚನೆಯ ಜಾಗದಲ್ಲಿ ಕಾಲು ಚಾಚಿ ಕೂತು, ಬಿದ್ದ ಕಡಲೆಕಾಯಿ ತಿನ್ನುತ್ತಿದ್ದಾರೆ!

ಮುಂದಿನ ಭಾನುವಾರ ಚಂದ್ರಮೋಹನರು ಓದಲಿಲ್ಲ, ಬಾಯಲ್ಲೇ ಹೇಳಿದರು. ಗಗನ್ ಮತ್ತೆ ಮತ್ತೆ "ಫಿರ್?" ಎಂದು ಮುಂದಿನದನ್ನು ಕೇಳಿದ. ಕ್ಲಿಪ್ಪು ಯಾರ ಮೂಗನ್ನಾದರೂ ಕಚ್ಚಲೇಬೇಕೆಂದು ಹಟ ಹಿಡಿದ. ಯಜಮಾನರ ಮೂಗೇ ಆಗಬಹುದೆಂದು ಒಪ್ಪಂದವಾಯಿತು. ಅದಿತಿ ಮಾತಾಡಲಿಲ್ಲ. ಆದರೆ ಪಿನ್ನಮ್ಮ ಮಲಗಿದಾಗ ತಾನೂ ಬಾಯಿ ಬಿಗಿದು ಕಣ್ಣು ಮುಚ್ಚಿ ತೋರಿಸಿದಳು.

ಪುಸ್ತಕವನ್ನು ಓಖ್ಲಾದ ಒಂದು ಪ್ರೆಸ್ಸಿಗೆ ಕೊಟ್ಟರು. ಚಂದ್ರಮೋಹನರೂ ಹಂಸಿನಿಯೂ ಮೆಟ್ರೋದಲ್ಲಿ ಹೋಗಿ ಕರಡು ನೋಡಿ, ಸರಿಯಾಗಿದೆ ಎಂದು ಒಪ್ಪಿಗೆ ಕೊಟ್ಟು ಬಂದರು. ಸುಮ್ಮನಿದ್ದಿದ್ದರೆ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಆದರೆ ಮನೆಗೆ ಬಂದು ಮತ್ತೊಮ್ಮೆ ಕಣ್ಣಾಡಿಸಿದ ಸಾಹೇಬರಿಗೆ ಒಂದು ಕಡೆ ಅಲ್ಪವಿರಾಮ ಇಲ್ಲವೆಂದು ಕಂಡಿತು. ಅಲ್ಪವಿರಾಮಕ್ಕಾಗಿ ಎಷ್ಟೋ ಫೈಲುಗಳನ್ನು ವಾಪಸು ಕಳಿಸಿದ ಜೀವ, ಸುಮ್ಮನಿರುವುದುಂಟೆ? ತಕ್ಷಣ ಫೋನ್ ಮಾಡಿದರು. ಪರೀಕ್ಷೆಯ ಗಡಿಬಿಡಿಯಲ್ಲಿದ್ದ ಹಂಸಿನಿ ಅಲ್ಪವಿರಾಮ ಸೇರಿಸಿ ಹೊಸ ಫೈಲನ್ನು ಪ್ರೆಸ್ಸಿಗೆ ಕಳಿಸಿದಳು. ಅದರ ಜೊತೆಗೆ ಕನ್ನಡದ ಅಕ್ಷರ ಮೂಡಿಸುವ ಫಾಂಟ್ ಕಳಿಸಲು ಮರೆತಳು.

ಕಾರ್ಯಕ್ರಮದ ದಿನ ಸೊಸೈಟಿಯ ಸಭಾಂಗಣದಲ್ಲಿ ಕೆಂಪು ಹಳದಿ ಬಾವುಟ ಕಟ್ಟಿ, ಮೈಕ್ ಪರೀಕ್ಷೆ ನಡೆಯುತ್ತಿದ್ದಾಗ ಪ್ರೆಸ್ಸಿನ ಟೆಂಪೋ ಬಂತು. ಚಂದ್ರಮೋಹನರು ಕಟ್ಟು ಬಿಚ್ಚಿ ಮೊದಲ ಪ್ರತಿಯನ್ನು ಎತ್ತಿಕೊಂಡರು. ಮುಖಪುಟ ಸೊಗಸಾಗಿತ್ತು, ಹೆಸರನ್ನು ಹಂಸಿನಿ ಕುಂಚದಿಂದಲೇ ಬರೆದಿದ್ದಳು. ಒಳಗೆ ತಿರುವಿದರು. ಪಿನ್ನಮ್ಮ ಓಡುತ್ತಿದ್ದಳು, ಗುಂಡಪ್ಪ ನಗುತ್ತಿದ್ದ, ಬಣ್ಣಗಳು ಒಂದಕ್ಕಿಂತ ಒಂದು ಚೆಂದ. ಅಕ್ಷರಗಳಿರಬೇಕಾದ ಜಾಗದಲ್ಲೆಲ್ಲ ಪುಟ್ಟ ಪುಟ್ಟ ಖಾಲಿ ಚೌಕಗಳು. ಸಾಲು ಸಾಲು ಚೌಕಗಳು. ಆ ಚೌಕಗಳ ನಡುವೆ ಅವರು ಕೇಳಿದ್ದ ಅಲ್ಪವಿರಾಮವಂತೂ ಸರಿಯಾದ ಜಾಗದಲ್ಲೇ ಅಚ್ಚಾಗಿತ್ತು.

ಪ್ರೆಸ್ಸಿನವನಿಗೆ ಫೋನ್ ಹೋಯಿತು. ಅವನು ಹಿಂದಿಯಲ್ಲಿ ಪಾಪ ನಿಜವಾಗಿಯೇ ಹೇಳಿದ: "ನಿಮ್ಮ ಲಿಪಿ ದುಂಡಗಿರುತ್ತೆ ಅಂತ ಕೇಳಿದ್ದೆ ಸಾಬ್, ಚೌಕ ಬಂದಾಗ ನನಗೂ ಒಂಚೂರು ಅನುಮಾನ ಆಯ್ತು. ಮಕ್ಕಳ ಪುಸ್ತಕ ಅಲ್ವಾ, ಡಿಸೈನ್ ಇರಬಹುದು ಅಂದ್ಕೊಂಡೆ."

ಹಂಸಿನಿಯ ಕಣ್ಣು ತುಂಬಿತು. "ಸರ್, ತಪ್ಪು ನನ್ನದೇ."

"ಅಲ್ಪವಿರಾಮ ಕೇಳಿದವನು ನಾನು" ಎಂದರು ಚಂದ್ರಮೋಹನರು. ಅಪ್ಪ ಅಮ್ಮಂದಿರು ಕುರ್ಚಿಗಳಲ್ಲಿ ತುಂಬಿಕೊಳ್ಳುತ್ತಿದ್ದರು. ಕಟ್ಟುಗಳನ್ನು ವೇದಿಕೆಯ ಹಿಂದೆ ತಳ್ಳಿ, ಪುಸ್ತಕ ತಡವಾಗುತ್ತದೆಂದು ಹೇಳಿಬಿಡಲು ಅವರು ಮೈಕಿನ ಕಡೆ ನಡೆದರು. ಆದರೆ ಬಿಚ್ಚಿದ ಕಟ್ಟಿನೊಳಕ್ಕೆ ಗಗನ್ ಆಗಲೇ ಕೈ ಹಾಕಿದ್ದ. ಪುಸ್ತಕಗಳು ಕೈಯಿಂದ ಕೈಗೆ ಹೋಗಿ ನೆಲದ ಮೇಲೆಲ್ಲ ಮಕ್ಕಳ ತಲೆಗಳು ಬಗ್ಗಿದ್ದವು.

"ತಾತಾ!" ಗಗನ್ ಚೌಕಗಳ ಮೇಲೆ ಬೆರಳಿಟ್ಟು ಕೂಗಿದ. "ಯೇ ಪಿನ್ ಕೀ ಭಾಷಾ ಹೈ ಕ್ಯಾ?"

ಸಭಾಂಗಣದಲ್ಲಿದ್ದವರೆಲ್ಲ ಇತ್ತ ತಿರುಗಿದರು. ಚಂದ್ರಮೋಹನರು ಹೆಂಡತಿಯತ್ತ ನೋಡಿದರು. ವೈಜಯಂತಿ ಮುಂದಿನ ಸಾಲಿನಲ್ಲಿ ಕೂತು, ಮಾತಾಡಿ ಎಂಬಂತೆ ಗಲ್ಲ ಎತ್ತಿದರು.

"ಹೌದು ಕಣೋ, ಪಿನ್ನಿನ ಭಾಷೆ" ಎಂದರು ಅವರು. "ನಿಮಗೆ ಬರಲ್ಲ. ದೆಹಲಿಯಲ್ಲಿ ಇದನ್ನ ಓದೋಕೆ ಬರೋದು ನನಗೊಬ್ಬನಿಗೇ. ಬನ್ನಿ, ಹತ್ತಿರ ಬನ್ನಿ."

ಮೈಕ್ ಅಲ್ಲೇ ಬಿಟ್ಟು, ಇಸ್ತ್ರಿಯ ಪಂಚೆಯಲ್ಲೇ ನೆಲದ ಮೇಲೆ ಕೂತರು. ಚೌಕದಿಂದ ಚೌಕಕ್ಕೆ ಬೆರಳಾಡಿಸುತ್ತ ಹೇಳತೊಡಗಿದರು. ಪಿನ್ನಮ್ಮನಿಗೆ ಒಂದು ಸಣ್ಣ ದನಿ, ಗುಂಡಪ್ಪನಿಗೆ ಹೊಟ್ಟೆಯೊಳಗಿನ ದನಿ. ಕುಕ್ಕರ್ ವೆಯ್ಟಿನ ಶಿಳ್ಳೆ ಹಾಕುವಾಗ ಹಿಂದಿನ ಸಾಲಿನ ಅಪ್ಪಂದಿರೂ ಬೆಚ್ಚಿದರು. ಯಜಮಾನ ಪೈಜಾಮ ಹಿಡಿದುಕೊಂಡು ಬಾಗಿಲಿಗೆ ಓಡುವುದನ್ನು ಎದ್ದು ನಿಂತು ಅಭಿನಯಿಸಿಯೇ ತೋರಿಸಿದರು. ನಗು ಗೋಡೆಗೆ ಬಡಿದು ವಾಪಸು ಬಂತು. ಆ ಸಂಭ್ರಮದಲ್ಲಿ ಮುಂದಿನ ಮಾತು ತಪ್ಪಿಹೋಯಿತು.

"ಆಮೇಲೆ... ನೇಲ್ ಕಟರ್ ಅಂದ, 'ನಾನು ರಜೆ ಚೀಟಿ ಕೊಟ್ಟಿದ್ದೆ...'"

"ಇಲ್ಲ!"

ಹೇಳಿದವಳು ಅದಿತಿ. ಎದ್ದು ನಿಂತುಬಿಟ್ಟಿದ್ದಳು. "ಕೊಟ್ಟಿಲ್ಲ ತಾತ! ಅವನು ಚೀಟಿ ಕೊಟ್ಟಿಲ್ಲ. ಅವನು ಸುಳ್ಳ. ಪಿನ್ನಮ್ಮಂಗೆ ಅಳು ಬಂತು, ನೀವೇ ಹೇಳಿದ್ರಿ."

ಅದಿತಿಯ ಅಮ್ಮ ಗಂಡನ ತೋಳು ಹಿಡಿದುಕೊಂಡಳು. ಮನೆಯಲ್ಲಿ ಕನ್ನಡದಲ್ಲಿ ಒಂದು "ಬೇಡ" ಕೂಡ ಹೇಳದ ಮಗಳು ಅದು. ಚಂದ್ರಮೋಹನರು ಕೈಮುಗಿದು, "ತಪ್ಪಾಯ್ತು ಮೇಡಂ. ಮುಂದಿನದು ನೀವೇ ಹೇಳಿಬಿಡಿ" ಎಂದರು. ಅವಳು ಹೇಳಿದಳು. ಅರ್ಧ ಕನ್ನಡ, ಕಾಲು ಹಿಂದಿ, ಉಳಿದದ್ದು ಕೈಬೀಸು. ಕಡಲೆಕಾಯಿಯ ಬದಲು ಕಳ್ಳರಿಗೆ ಮೊಮೊ ತಿನ್ನಿಸಿದಳು. ಯಾರೂ ತಿದ್ದಲಿಲ್ಲ.

ಊಟದ ಸಾಲಿನಲ್ಲಿ ನಿಂತಿದ್ದಾಗ ಹಂಸಿನಿ ಅವರ ತೋಳು ತಟ್ಟಿ ಮೂಲೆಯತ್ತ ತೋರಿಸಿದಳು. ಗಗನ್ ನೆಲದ ಮೇಲೆ ಬೋರಲು ಮಲಗಿ, ಅಚ್ಚಾದ ಪುಸ್ತಕದ ಚೌಕವೊಂದರೊಳಗೆ ಪೆನ್ಸಿಲಿನಿಂದ 'ಪಿ' ಎಂದು ತುಂಬಿಸಿದ್ದ. ಪುಸ್ತಕದ ಮೇಲೆ ಗೀಚುವುದೆಂದರೆ ಚಂದ್ರಮೋಹನರಿಗೆ ಮೈ ಉರಿಯುತ್ತಿತ್ತು. ಬಾಯಿ ತೆರೆದವರು ಹಾಗೇ ಮುಚ್ಚಿ, ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಅವನ ಪಕ್ಕ ಕೂತರು. "ಮುಂದಿನ ಚೌಕಕ್ಕೆ 'ನ' ಬರಿ. ಅದರ ಕಾಲಿಗೆ ಇನ್ನೊಂದು ಪುಟ್ಟ 'ನ' ನೇತಾಡಬೇಕು, ಮಂಗನ ಮರಿ ಹಾಗೆ."

ಪ್ರೆಸ್ಸಿನವನು ಮರುದಿನವೇ ಬೇರೆ ಅಚ್ಚು ಹಾಕಿಕೊಡುತ್ತೇನೆಂದ. ಬಳಗದವರು ದೊಡ್ಡವರಿಗೆಂದು ಅಕ್ಷರವಿರುವ ಪುಸ್ತಕ ಮಾಡಿಸಿಕೊಂಡರು. ಮಕ್ಕಳು ಮಾತ್ರ ಚೌಕದ ಪುಸ್ತಕ ಬಿಟ್ಟುಕೊಡಲಿಲ್ಲ. ಕ್ಲಾಸಿಗೆ ಈಗ ಸ್ಕೇಟಿಂಗಿನ ಹುಡುಗ ಚಕ್ರದ ಬೂಟಿನಲ್ಲೇ ಬರುತ್ತಾನೆ, ಅವನ ತಂಗಿ ತಮ್ಮನೆಯ ಇಯರ್‌ಫೋನಿನ ತುದಿಯೊಂದನ್ನು ತಂದು ಇದಕ್ಕೂ ಒಂದು ಕಥೆ ಬೇಕೆನ್ನುತ್ತಾಳೆ.

ಮೊನ್ನೆ ಒಂದು ಸಂಜೆ ಚಂದ್ರಮೋಹನರ ಫೋನ್ ಬಡಿದುಕೊಂಡಿತು. ಗಗನ್.

"ತಾತಾ, ನಾಪತ್ತೆಯಲ್ಲಿ 'ತ್ತೆ' ಹೇಗೆ ಬರೆಯೋದು? ಜಲ್ದಿ, ಮಮ್ಮಿ ಊಟಕ್ಕೆ ಕರೀತಿದಾಳೆ."

ಚಂದ್ರಮೋಹನರು ಗಾಳಿಯಲ್ಲಿ ಬೆರಳಾಡಿಸುತ್ತ ವಿವರಿಸತೊಡಗಿದರು. ಅವರ ಕೈ ಫೋನಿನಾಚೆ ಕಾಣುವುದಿಲ್ಲವೆಂದು ವೈಜಯಂತಿ ಸನ್ನೆ ಮಾಡಿದರು. ಅವರು ಅದನ್ನು ಗಮನಿಸಲೇ ಇಲ್ಲ.

"ರುಕೋ ತಾತ, ರುಕೋ" ಎಂದ ಗಗನ್. "ಪೆನ್ಸಿಲ್ ಚೂಪು ಮಾಡ್ಕೊಂಡು ಬರ್ತೀನಿ."

ಅವರು ಫೋನನ್ನು ಕಿವಿಗೆ ಒತ್ತಿಕೊಂಡು ಕಾದರು.