ರಾಣಿಯೂ ಪೊರಕೆಯವಳೂ

ನಾಲ್ಕು ಭಾಷೆಗಳಲ್ಲಿ ಸತ್ತು, ಐದನೆಯದರಲ್ಲಿ ಮದುವೆಯಾಗಿ, ನಡುನಡುವೆ ರಂಗದ ಮೇಲೆ ಮುದುಕಿಯ ವೇಷವನ್ನೂ ಕಟ್ಟಿದ್ದ ನಟಿಗೆ ತಾಯ್ನುಡಿಯ ಸಿನಿಮಾ ಮಾತ್ರ ಇಷ್ಟು ವರ್ಷ ದಕ್ಕಿರಲಿಲ್ಲ. ಈಗ ದಕ್ಕಿತು ನೋಡಿ, ಅದೂ ರಾಣಿಯ ಪಾತ್ರ! ಖುಷಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಆ ಖುಷಿಯೆಲ್ಲ ಅಮ್ಮನಿಗಾಗಿ. ಮಗಳ ಒಂದು ನಾಟಕವನ್ನೂ ಬಿಡದೆ ಮುಂದಿನ ಸಾಲಿನಲ್ಲಿ ಕೂತು ನೋಡುತ್ತಿದ್ದ ಅಮ್ಮನಿಗೆ ಈಗ ಕಣ್ಣು ಕಾಣುವುದಿಲ್ಲ. ಪರಭಾಷೆಯ ಸಿನಿಮಾಗಳಲ್ಲೋ, ಮಗಳ ಮುಖಕ್ಕೆ ಇನ್ಯಾರದೋ ದನಿ. ಅಮ್ಮನ ಪಾಲಿಗೆ ಮಗಳು ಅವುಗಳಲ್ಲಿ ಇರಲೇ ಇಲ್ಲ.

“ಈ ಸಲ ಸಿಗ್ತೀನಮ್ಮಾ. ಯಾವ ಪಾತ್ರ ಅಂತ ಹೇಳಲ್ಲ, ದನಿ ಕೇಳಿ ನೀನೇ ಕಂಡುಹಿಡಿ,” ಎಂದು ಮಾತು ಕೊಟ್ಟುಬಿಟ್ಟಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಚಿತ್ರೀಕರಣ ಮುಗಿದು ಡಬ್ಬಿಂಗ್ ಕೋಣೆಗೆ ಹೋದರೆ ನಿರ್ಮಾಪಕ ಅಡ್ಡ ನಿಂತ.

“ನಿಮ್ಮದು ಕೊನೇ ಸಾಲಿನವರೆಗೂ ಕೇಳೋ ನಾಟಕದ ಗಂಟಲು ಮೇಡಂ. ರಾಣಿ ಅಂದ್ರೆ ದನಿ ಜೇನಿನ ಥರ ಇರ್ಬೇಕು. ಬೇರೆಯವರನ್ನ ಕರೆಸಿದೀನಿ.”

ಬೇಡಿದಳು, ರೇಗಿದಳು, ಬಗೆಬಗೆಯಾಗಿ ಮಾತಾಡಿ ತೋರಿಸಿದಳು. ಎಮ್ಮೆ ಮೇಲೆ ಮಳೆ ಸುರಿದ ಹಾಗಾಯಿತು.

ಕಣ್ಣೊರೆಸಿಕೊಂಡು ಹೊರಟವಳನ್ನು ಸೌಂಡ್ ಎಂಜಿನಿಯರ್ ತಡೆದ. “ಅಕ್ಕಾ, ಸಂತೆ ಸೀನಲ್ಲಿ ಪೊರಕೆ ಮಾರೋಳಿಗೆ ಒಂದೇ ಒಂದು ಮಾತಿದೆ. ದನಿ ಕೊಡೋಳು ಇವತ್ತು ಕೈಕೊಟ್ಟಿದ್ದಾಳೆ. ಒಂದ್ನಿಮಿಷ ಬರ್ತೀರಾ?”

ಅವಳಿಗೋ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯನ್ನೆಲ್ಲ ಮೈಕಿಗೆ ಸುರಿದಳು: “ತಗೊಂಡ್ರೆ ತಗೊಳ್ಳಿ, ಇಲ್ಲಾಂದ್ರೆ ದಾರಿ ಬಿಡಿ! ಅಷ್ಟೊತ್ತು ನೋಡೋಕೆ ಪೊರಕೆ ಏನು ಕನ್ನಡೀನಾ?”

ನಡೆದದ್ದನ್ನು ಅಮ್ಮನಿಗೆ ಹೇಳಲು ಬಾಯಿ ಬರಲಿಲ್ಲ. ಮೊದಲ ದಿನದ ಆಟಕ್ಕೆ ಕೈಹಿಡಿದು ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡಳು. ತೆರೆಯ ಮೇಲೆ ರಾಣಿ ಜೇನು ಸುರಿಸುತ್ತಿದ್ದಳು. ಅಮ್ಮ ಆಕಳಿಸಿದಳು.

ಸಂತೆ ಬಂತು. ಪೊರಕೆಯವಳು ಬಾಯಿಬಿಟ್ಟಳು. ಚಿತ್ರಮಂದಿರಕ್ಕೆ ಚಿತ್ರಮಂದಿರವೇ ಗೊಳ್ಳೆಂದು ನಕ್ಕರೆ ಅಮ್ಮ ಧಡಕ್ಕನೆ ಎದ್ದು ನಿಂತಳು.

“ಇವಳೇ! ಪೊರಕೆಯವಳು ನನ್ನ ಮಗಳು ಕಣ್ರೀ!”

“ಕೂತ್ಕೊಳ್ಳಮ್ಮಾ,” ಎಂದರು ಹಿಂದಿನವರು. ನಟಿಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ತಡೆಯದೆ ಅಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಆಟ ಮುಗಿದು ಹೊರಬಂದರೆ ಬಾಗಿಲಲ್ಲೇ ನಿರ್ಮಾಪಕ, ಮುಖದ ತುಂಬ ಹಲ್ಲು. “ಹೇಗಿತ್ತಮ್ಮಾ ಸಿನಿಮಾ?”

“ಬೇಜಾರು ಮಾಡ್ಕೋಬೇಡಪ್ಪಾ. ಆ ರಾಣಿ ಅತ್ತಿದ್ದು ನೆಗಡಿ ಬಂದ ಹಾಗಿತ್ತು. ಆ ಪಾತ್ರ ನನ್ನ ಮಗಳಿಗೆ ಕೊಟ್ಟಿದ್ರೆ ನೋಡ್ಬೇಕಿತ್ತು!”

ನಿರ್ಮಾಪಕ ಕಕ್ಕಾಬಿಕ್ಕಿಯಾಗಿ ನಟಿಯ ಮುಖ ನೋಡಿದ.

“ಕೊಡ್ತಾರಮ್ಮಾ, ಮುಂದಿನ ಸಲ ಕೊಟ್ಟೇ ಕೊಡ್ತಾರೆ,” ಎಂದಳು ಅವಳು, ಕೊನೆಯ ಸಾಲಿನವರೆಗೂ ಕೇಳುವ ದನಿಯಲ್ಲಿ.